ಚಿಂಚೋಳಿ–ಸೇಡಂ ಬಸ್ಸಿನಲ್ಲಿ ಬೋರಲು ಮಲಗಿದ ದಿನ

ಎರಡು ವರ್ಷಗಳ ಹಿಂದಿನ ಮಾತು. ನಾನು ಚಿಂಚೋಳಿಯಿಂದ ಸೇಡಂಗೆ ಓಡುವ ಬಸ್ಸಿನಲ್ಲಿ ಲೇಡಿ ಕಂಡಕ್ಟರ್. ಒಂದು ದಿನ ಯಾರದೋ ತೊಗರಿ ಚೀಲವನ್ನು ಬಾಗಿಲಿನಿಂದ ಒಳಗೆಳೆಯುವಾಗ ಸೊಂಟದಲ್ಲಿ ಚಳಕು ಹೊಡೆಯಿತು. ಮರುದಿನ ಎಡಗಾಲು ಹಿಮ್ಮಡಿಯವರೆಗೆ ಉರಿಯತೊಡಗಿತು. ಸ್ಕ್ಯಾನ್ ಮಾಡಿಸಿದರೆ, ಡಿಸ್ಕ್ ಹೊರಚಾಚಿ ನರವನ್ನು ಒತ್ತುತ್ತಿದೆ ಎಂದು ಗೊತ್ತಾಯಿತು. ಮೊದಲು ಮೂರು ತಿಂಗಳು ಫಿಸಿಯೋಥೆರಪಿ, ಕಡಿಮೆಯಾಗದಿದ್ದರೆ ಆಪರೇಷನ್ ಎಂದರು ಡಾಕ್ಟರು.

ಸೇಡಂನಲ್ಲಿ ಫಿಸಿಯೋಥೆರಪಿ ಮಾಡಿಸುತ್ತಿದ್ದ ಹುಡುಗಿ ನನಗಿಂತ ಹತ್ತು ವರ್ಷ ಚಿಕ್ಕವಳು. ಬೋರಲು ಮಲಗಿಸಿ, ಅಂಗೈ ಊರಿಸಿ, ಎದೆಯನ್ನಷ್ಟೇ ಮೇಲೆತ್ತಿಸುತ್ತಿದ್ದಳು. “ನೋವು ಕಾಲು ಬಿಟ್ಟು ಸೊಂಟಕ್ಕ ಬಂದ್ರ ಅಂಜಬ್ಯಾಡ್ರಿ ಅಕ್ಕಾ, ಅದು ಛಲೋ. ಕೆಳಗ ಇಳದ್ರ ಮಾತ್ರ ಇದ್ದ ಕೆಲಸ ಬಿಟ್ಟು ಇದನ್ನ ಮಾಡ್ರಿ,” ಅನ್ನುತ್ತಿದ್ದಳು. ದಿನಕ್ಕೆ ಐದಾರು ಸಲ ಮಾಡಿದೆ. ಮೂರು ತಿಂಗಳಿಗೆ ಉರಿ ನಿಂತಿತು. ಡ್ಯೂಟಿಗೆ ಮರಳಿದೆ.

ನಾಲ್ಕನೆಯ ದಿನ ಬೆಳಗ್ಗೆ ಬಸ್ಸು ತಗ್ಗಿನಲ್ಲಿ ಜಿಗಿದಾಗ ಅದೇ ಉರಿ ಮತ್ತೆ ಹಿಮ್ಮಡಿಗೆ ಇಳಿಯಿತು. ಕಂಬ ಹಿಡಿದು ಬಗ್ಗಿ ನಿಂತವಳಿಗೆ ನೆಟ್ಟಗಾಗಲು ಬರಲಿಲ್ಲ. ಏನು ಮಾಡಬೇಕೆಂದು ಗೊತ್ತಿತ್ತು. ಆದರೆ ಖಾಕಿ ಹಾಕಿಕೊಂಡು ನಲವತ್ತು ಜನರ ಮುಂದೆ ಬೋರಲು ಮಲಗುವುದು ಹೇಗೆ? ಸೇಡಂವರೆಗೆ ಹಲ್ಲು ಕಚ್ಚಿ ನಿಂತರಾಯಿತು ಅಂದುಕೊಂಡೆ. ಅಷ್ಟರಲ್ಲಿ ಪಾದ ಜೋಮು ಹಿಡಿಯಿತು. ಆಗ ಹೆದರಿದೆ.

“ಮೈಬೂಬಣ್ಣ, ಗಾಡಿ ಬಾಜೂಕ ಹಚ್ರಿ,” ಎಂದು ಡ್ರೈವರನ್ನು ಕೂಗಿ, ವಿಷಯ ಹೇಳಿದೆ. ಅವರು ಎಂಜಿನ್ ಬಂದ್ ಮಾಡಿ ಎದ್ದು, “ಗಂಡಸರು ಜರಾ ಕೆಳಗ ಇಳೀರಿ,” ಎಂದರು.

“ನಂದು ಕೋರ್ಟಿನ್ಯಾಗ ತಾರೀಖ ಅದ,” ಎಂದು ಒಬ್ಬರು ಗೊಣಗಿದರು.

“ಟೈಮಿಗಿ ನಾ ಮುಟ್ಟಸ್ತೀನಿ. ಇಳೀರಿ.”

ಮುಂದಿನ ಸೀಟಿನಲ್ಲಿದ್ದ ಅಜ್ಜಿ ತನ್ನ ಗಂಟು ಬಿಚ್ಚಿ, ಹೊಸ ಕೌದಿಯೊಂದನ್ನು ತೆಗೆದು ಸೀಟುಗಳ ನಡುವೆ ಹಾಸಿದಳು. ಮಗಳ ಬಾಣಂತನಕ್ಕೆ ಒಯ್ಯುತ್ತಿದ್ದಳಂತೆ.

“ಧೂಳಾಗ್ತದ ಆಯಿ,” ಎಂದೆ.

“ಒಗದ್ರ ಹೋಗ್ತದ. ಮಲಕೋ ನನ್ನವ್ವಾ.”

ಮಲಗಿದೆ. ಹೆಂಗಸರೆಲ್ಲ ಕಿಟಕಿಯ ಕಡೆ ಮುಖ ತಿರುಗಿಸಿ ಕುಳಿತರು. ಹಾಗೆ ಮಾಡಿ ಎಂದು ಯಾರೂ ಹೇಳಿರಲಿಲ್ಲ. ಹತ್ತು ಸಲ ಎದೆ ಎತ್ತಿದೆ, ಏನೂ ಆಗಲಿಲ್ಲ. ಇನ್ನೂ ಹತ್ತು ಸಲ ಎತ್ತಿದಾಗ ಉರಿ ಮೊಣಕಾಲಿಗೆ ಏರಿತು. ಸ್ವಲ್ಪ ಹೊತ್ತು ಸುಮ್ಮನೆ ಮಲಗಿ ಮತ್ತೆ ಮಾಡಿದೆ. ಕೊನೆಗೆ ನೋವು ಸೊಂಟದಲ್ಲಷ್ಟೇ ಉಳಿಯಿತು. ಕಾಲು ಗಂಟೆ ಆಗಿರಬೇಕು. ಸೀಟು ಹಿಡಿದು ಎದ್ದು ನಾಲ್ಕು ಹೆಜ್ಜೆ ಹಾಕಿದೆ. ಪಾದ ನೆಲಕ್ಕೆ ಸರಿಯಾಗಿ ಊರುತ್ತಿತ್ತು.

ಗಂಡಸರು ಹತ್ತಿದರು. ನಾನು ಸೀಟಿ ಹೊಡೆದೆ. ಬಸ್ಸು ಹೊರಟಿತು.

ಆಪರೇಷನ್ ಇವತ್ತಿನವರೆಗೂ ಬೇಕಾಗಿಲ್ಲ. ವ್ಯಾಯಾಮ ಬಿಟ್ಟಿಲ್ಲ. ದಿನಕ್ಕೆ ನೂರು ಸಲ ಬೇರೆಯವರಿಗಾಗಿ ಸೀಟಿ ಹೊಡೆದು ಬಸ್ಸು ನಿಲ್ಲಿಸುತ್ತೇನೆ. ನನಗಾಗಿ ನಿಲ್ಲಿಸಿದ್ದು ಅದೊಂದೇ ಸಲ. ಹಾಗೆ ನಿಲ್ಲಿಸಿದ್ದು ತಪ್ಪು ಎಂದು ನನಗೆ ಇದುವರೆಗೆ ಅನಿಸಿಲ್ಲ.