ಬರಿದಾಗಿ ಹೋದ ಬೋಸಿ

ನಮ್ಮ ಅಡುಗೆಮನೆಯ ಎರಡನೇ ಹಲಗೆಯ ಮೇಲೆ, ಬೇಳೆ ಡಬ್ಬಿಗೂ ಸಕ್ಕರೆ ಡಬ್ಬಿಗೂ ನಡುವೆ, ಅಂಗೈಯಗಲದ ಜಾಗವೊಂದು ಖಾಲಿ ಇದೆ. ಅಲ್ಲಿ ಕೂರಬೇಕಾದ ಸ್ಟೀಲ್ ಡಬ್ಬಿ ಈಗ ಮನೆಯಲ್ಲಿಲ್ಲ. ಎಲ್ಲಿದೆ ಎಂದು ಗೊತ್ತಿರುವುದರಿಂದ ನಾನು ನೆಮ್ಮದಿಯಾಗಿದ್ದೇನೆ. ಹೋದ ವರ್ಷ ಇದೇ ಜಾಗ ಖಾಲಿ ಬಿದ್ದಿದ್ದಾಗಲೂ ಅದು ಎಲ್ಲಿದೆಯೆಂದು ಗೊತ್ತಿತ್ತು, ಆದರೆ ನೆಮ್ಮದಿ ಮಾತ್ರ ಇರಲಿಲ್ಲ. ಆ ವ್ಯತ್ಯಾಸವೇನೆಂದು ಮೊಮ್ಮಕ್ಕಳಾದ ನಿಮಗೆ ಬರೆದಿಡೋಣವೆನಿಸಿತು. ಎದುರಿಗೆ ಕೂತು ಹೇಳಲು ನನಗೆ ನಾಚಿಕೆ. ಕಾಗದದ ಮುಂದೆ ಅಷ್ಟಿಲ್ಲ.

ಆ ಡಬ್ಬಿಗೆ ಒಂದು ಕಥೆಯಿದೆ. ಮದುವೆಯಾದ ಹೊಸದರಲ್ಲಿ ನಿಮ್ಮ ತಾತ ನನ್ನನ್ನು ಗುಬ್ಬಿಯ ಪಾತ್ರೆ ಅಂಗಡಿಗೆ ಕರೆದುಕೊಂಡು ಹೋಗಿದ್ದರು. ಆಗೆಲ್ಲ ಹೊಸ ಪಾತ್ರೆಯ ಮೇಲೆ ಚುಕ್ಕೆ ಚುಕ್ಕೆಯಾಗಿ ಮನೆಯ ಯಜಮಾನರ ಹೆಸರು ಕೆತ್ತಿಸುವುದು ವಾಡಿಕೆ. ಅಂಗಡಿಯವರು ಯಾರ ಹೆಸರೆಂದು ಕೇಳಿದಾಗ ತಾತ, "ಅವಳ್ದೇ ಹಾಕಪ್ಪ. ಒಲೆ ಮುಂದೆ ಬೇಯೋಳು ಅವಳು, ನನ್ ಹೆಸ್ರು ಯಾಕೆ?" ಎಂದುಬಿಟ್ಟರು. ಹಳ್ಳಿ ಶಾಲೆಯಲ್ಲಿ ಏಳನೇ ತರಗತಿಯವರೆಗೆ ಓದಿದ ನಾನು, ಹಾಜರಿ ಪುಸ್ತಕ ಬಿಟ್ಟರೆ ಬೇರೆಲ್ಲೂ ನನ್ನ ಹೆಸರು ಬರೆದಿದ್ದನ್ನು ಕಂಡವಳಲ್ಲ. 'ಕಮಲಮ್ಮ' ಎಂಬ ಆ ಚುಕ್ಕೆಗಳ ಮೇಲೆ ಬೆರಳಾಡಿಸುತ್ತಾ ಊರು ತಲುಪಿದೆ. ತಾತ ಹೋದಮೇಲೆ ಹಲಗೆ ಒರೆಸುವಾಗಲೆಲ್ಲ ಒಮ್ಮೆ ಆ ಚುಕ್ಕೆಗಳನ್ನು ಮುಟ್ಟುವುದು ಅಭ್ಯಾಸವಾಯಿತು.

ಇಂಥ ಡಬ್ಬಿಯನ್ನು ಹೊರಗೆ ಯಾಕೆ ಕೊಟ್ಟೆ ಎಂದು ಕೇಳಬಹುದು. ಒಳ್ಳೆಯವಳೆನಿಸಿಕೊಳ್ಳುವ ಚಪಲ, ಮಕ್ಕಳೇ. ಯುಗಾದಿಯ ದಿನ ಪಕ್ಕದ ಮನೆಯ ಪುಟ್ಟನಂಜಮ್ಮನಿಗೆ ಒಬ್ಬಟ್ಟು ಕಳಿಸಬೇಕಿತ್ತು. ಇದ್ದುದರಲ್ಲಿ ಚೆಂದದ ಡಬ್ಬಿಯಲ್ಲೇ ಕಳಿಸಿದೆ.

ಪುಟ್ಟನಂಜಮ್ಮ ಕುಣಿಗಲ್ ಸೀಮೆಯವಳು. ಮಾರ್ಕೋನಹಳ್ಳಿ ಅಣೆಕಟ್ಟಿನ ನೀರು ಹರಿಯುವ ಬಯಲಿನಲ್ಲಿ, ಮೂರು ಗದ್ದೆ ಆಚೆ ಇದ್ದವರನ್ನು ಊಟಕ್ಕೆ ಕೂಗಿ ಕೂಗಿ ಪಳಗಿದ ಗಂಟಲು. ಮರಳೂರಿಗೆ ಬಂದು ನಮ್ಮ ಕಾಂಪೌಂಡಿಗೆ ಕಾಂಪೌಂಡು ತಾಗಿಸಿ ಮನೆ ಮಾಡಿದರೂ ಮೂರು ಗದ್ದೆಯ ದೂರಕ್ಕೇ ಮಾತಾಡುತ್ತಾಳೆ. ಯುಗಾದಿಯ ಮಾರನೆಯ ದಿನ ಗೋಡೆಯ ಆಚೆಯಿಂದ, "ಕಮಲಕ್ಕ, ನಿಮ್ ಒಬ್ಬಟ್ನ ಹೂರಣ ನೀರಾಗಿತ್ತು ಕಣ್ರೀ. ಬೇಳೆ ಸರಿಯಾಗಿ ಬಸೀಲಿಲ್ಲ ನೀವು" ಎಂದು ಬೀದಿಗೆಲ್ಲ ಕೇಳುವಂತೆ ಹೇಳಿದಳು. ನಾನು ನಕ್ಕು, "ಹೌದೇನೋ" ಎಂದೆ. ಒಳಗೆ ಬಂದು ತಪ್ಪಲೆಯನ್ನು ಸ್ವಲ್ಪ ಜೋರಾಗಿಯೇ ಇಟ್ಟೆ.

ಡಬ್ಬಿ ಬರಲಿಲ್ಲ. ವಾರ ಕಳೆಯಿತು, ತಿಂಗಳು ಕಳೆಯಿತು, ಮಾವಿನಹಣ್ಣಿನ ಕಾಲ ಮುಗಿದು ಆಷಾಢದ ಗಾಳಿ ಬೀಸತೊಡಗಿತು. ಪ್ರತಿದಿನ ಗೋಡೆಯ ಬಳಿ ಅವಳನ್ನು ಕಂಡಾಗ ನಗುತ್ತಿದ್ದೆ, ಕಾಫಿ ಆಯಿತೇ ಎನ್ನುತ್ತಿದ್ದೆ, ಮನಸ್ಸಿನಲ್ಲಿ ಮಾತ್ರ ಡಬ್ಬಿ ಡಬ್ಬಿ ಎಂದು ಬಡಿದುಕೊಳ್ಳುತ್ತಿತ್ತು. ನನ್ನ ಗುಣವೇ ಅಂಥದು. ಒಮ್ಮೆ ತುಮಕೂರಿನಿಂದ ಗುಬ್ಬಿಗೆ ಹೋಗುವ ಬಸ್ಸಿನಲ್ಲಿ ಒಬ್ಬ ಹೆಂಗಸು ಪಕ್ಕದ ಸೀಟಿನ ಮೇಲೆ ಬದನೆಕಾಯಿ ಕುಕ್ಕೆ ಇಟ್ಟುಕೊಂಡು ಕೂತಿದ್ದಳು. ನನ್ನನ್ನು ಕಂಡು ಕುಕ್ಕೆಗೆ ಕೈ ಹಾಕಿದವಳಿಗೆ, "ಪರವಾಗಿಲ್ಲ, ಇರಲಿ" ಎಂದು ನಾನೇ ತಡೆದು, ಗುಬ್ಬಿಯವರೆಗೂ ನಿಂತುಕೊಂಡೇ ಆ ಬದನೆಕಾಯಿಗಳನ್ನು ಶಪಿಸುತ್ತಾ ಹೋದೆ. ಆ ಹೆಂಗಸು ನನ್ನನ್ನು ಎಷ್ಟು ಒಳ್ಳೆಯವಳೆಂದುಕೊಂಡಿರಬೇಕು! ಬದನೆಕಾಯಿಗಳಿಗೆ ಮಾತ್ರ ಸತ್ಯ ಗೊತ್ತಿತ್ತು.

ಅಷ್ಟರಲ್ಲಿ ನಿಮ್ಮಲ್ಲೊಬ್ಬಳಾದ ನಮ್ಮ ಚಿನ್ನು ಒಂದು ಸಂಜೆ ಶಾಲೆಯಿಂದ ಮುಖ ಊದಿಸಿಕೊಂಡು ಬಂದಳು. ಗೆಳತಿ ಇವಳ ಬಣ್ಣದ ಪೆನ್ಸಿಲ್ ಡಬ್ಬಿ ತೆಗೆದುಕೊಂಡು ಹದಿನೈದು ದಿನವಾದರೂ ಕೊಟ್ಟಿಲ್ಲವಂತೆ.

"ಅಜ್ಜಿ, ಒಳ್ಳೆಯವಳಾಗಿದ್ರೆ ಒಳ್ಳೇದೋ, ಜೋರಾಗಿದ್ರೆ ಒಳ್ಳೇದೋ?"

"ಒಳ್ಳೆಯವಳಾಗಿರ್ಬೇಕು ಕಣೇ."

"ಮತ್ತೆ ನಿನ್ ಡಬ್ಬಿ ಯಾಕೆ ಬಂದಿಲ್ಲ?"

ಹತ್ತು ವರ್ಷದ ಹುಡುಗಿ ಹೀಗೆ ಕೇಳಿದ್ದೇ ನಾನು ಎದ್ದು ಹಲಗೆ ಒರೆಸಲು ಹೋದೆ. ಅರವತ್ತೆಂಟು ವರ್ಷ ಒಳ್ಳೆಯವಳಾಗಿದ್ದು ಸಿಕ್ಕಿದ್ದು ಒಂದು ಖಾಲಿ ಜಾಗ. ಇನ್ನು ಜೋರಾಗಿದ್ದಾದರೂ ನೋಡೋಣ ಎಂದು ಆ ಕ್ಷಣ ಎನಿಸಿತು. ಆದರೆ ಜೋರು ಮಾಡಲೂ ಧೈರ್ಯ ಬೇಕಲ್ಲ? ನನ್ನಂಥ ಪುಕ್ಕಲಿಗೆ ತಿಳಿದದ್ದು ಸದ್ದಿಲ್ಲದ ಕೇಡು ಮಾತ್ರ.

ಅದಕ್ಕೆ ಎರಡು ದಿನ ಮೊದಲು ಪುಟ್ಟನಂಜಮ್ಮ ಒಂದು ಬೋಸಿ ತುಂಬ ಹುರಿಹಿಟ್ಟು ಕಳಿಸಿದ್ದಳು. ಈ ಕಡೆ ಯಾರ ಮನೆಯಿಂದ ಪಾತ್ರೆ ಬಂದರೂ ಬರಿದಾಗಿ ತಿರುಗಿ ಕಳಿಸುವುದಿಲ್ಲ. ಹಣ್ಣೋ ತಿಂಡಿಯೋ ಇದ್ದರೆ ಅದು, ಇಲ್ಲದಿದ್ದರೆ ಚಿಟಿಕೆ ಸಕ್ಕರೆ, ಅದೂ ಇಲ್ಲವೆಂದರೆ ಹಿತ್ತಲಿನ ಕರಿಬೇವಿನ ಎಸಳು. ನನ್ನ ತಾಯಿ ಕೈಯಲ್ಲಿ ಏನೂ ಇಲ್ಲದ ದಿನ ನಾಲ್ಕು ಕಾಳು ಅಕ್ಕಿಯಾದರೂ ಹಾಕಿ ಕಳಿಸುತ್ತಿದ್ದಳು. ಅಂಥ ತಾಯಿಯ ಮಗಳಾದ ನಾನು ಆ ಬೋಸಿಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ ಫಳಫಳ ಹೊಳೆಯುವಂತೆ ತೊಳೆದು, ಒಂದು ಹನಿ ನೀರೂ ಉಳಿಯದಂತೆ ಒರೆಸಿ, ಬರಿದಾಗಿ ಚಿನ್ನುವಿನ ಕೈಯಲ್ಲಿ ಕೊಟ್ಟು ಕಳಿಸಿದೆ. ಬೈಗುಳವನ್ನು ಅಷ್ಟು ಶುಭ್ರವಾಗಿ ತೊಳೆದು ಕಳಿಸಿದವರು ಬಹುಶಃ ಯಾರೂ ಇಲ್ಲ.

ಐದು ನಿಮಿಷಕ್ಕೆ ಗೇಟು ಸದ್ದಾಯಿತು. ಬೋಸಿಯನ್ನು ಸೊಂಟಕ್ಕಿಟ್ಟುಕೊಂಡು ಪುಟ್ಟನಂಜಮ್ಮ ನಿಂತಿದ್ದಳು.

"ಏನ್ ಕಮಲಕ್ಕ, ಮನೇಲಿ ಸಕ್ರೆ ಆಗೋಗಿತ್ತಾ? ಹೇಳಿದ್ರೆ ನಾನೇ ಕಳಿಸ್ತಿದ್ನಲ್ಲ!"

ನನಗೆ ಎಲ್ಲಿಂದ ಬಂತೋ ಧ್ವನಿ, ನನಗೇ ಗುರುತು ಸಿಗದಂಥದು. "ನನ್ನ ಡಬ್ಬಿ ಎಲ್ಲಿ?" ಎಂದು ಕೂಗಿದೆ. ಚಿನ್ನು ಬಾಗಿಲ ಹಿಂದೆ ಸರಿದಳು.

ಪುಟ್ಟನಂಜಮ್ಮ ಬಾಯಿ ಬಿಟ್ಟುಕೊಂಡು ನೋಡಿದಳು. "ಡಬ್ಬಿನಾ? ಅಯ್ಯೋ ನನ್ ಶಿವನೇ! ಮೂರ್ ಸಲ ಕೇಳಿದೀನಿ ಡಬ್ಬಿ ಕೊಡ್ಲಾ ಅಂತ. ಮೂರ್ ಸಲನೂ ನೀವೇನಂದ್ರಿ? 'ಇರ್ಲಿ ಬುಡಿ, ಅದಕ್ಕೇನ್ ಅವಸರ, ನಿಮ್ಮನೇಲಿದ್ರೇನು ನಮ್ಮನೇಲಿದ್ರೇನು' ಅಂದ್ರಿ. ನಾನು ನಿಜ ಅನ್ಕೊಂಡು ಮೆಂತ್ಯ ಹಾಕಿಟ್ಕೊಂಡೆ!"

ಹೌದು, ಅಂದಿದ್ದೆ. ಮೂರು ಸಲವೂ ಅಂದಿದ್ದೆ, ನಗುನಗುತ್ತಾ. ನನ್ನ ಮಾತನ್ನು ಮಾತೆಂದೇ ನಂಬಿದ್ದು ಅವಳ ತಪ್ಪಾಗಿತ್ತು.

ಅಷ್ಟಕ್ಕೇ ಮುಗಿದಿದ್ದರೆ ಇಬ್ಬರೂ ನಕ್ಕುಬಿಡಬಹುದಿತ್ತು. ಆದರೆ ಅವಳ ದನಿ ಇದ್ದಕ್ಕಿದ್ದಂತೆ ಇಳಿಯಿತು. ಆ ಗಂಟಲಿಗೆ ಅಷ್ಟು ಮೆಲ್ಲಗೆ ಮಾತಾಡಲು ಬರುತ್ತದೆಂದು ನನಗೆ ತಿಳಿದೇ ಇರಲಿಲ್ಲ. "ಬೈಯಿರಿ ಕಮಲಕ್ಕ, ಎಷ್ಟು ಬೇಕಾದ್ರೂ ಬೈಯಿರಿ. ಆದ್ರೆ ಸವಿತ ಬಸುರಿ, ಹೆರಿಗೆಗೆ ಅಂತ ಬಂದವ್ಳೆ. ಬಸುರಿ ಹೆಂಗ್ಸಿರೋ ಮನೆಗೆ ಬರಿದು ಬೋಸಿ ಕಳಿಸ್ಬೋದಾ? ಅವಳೇ ಇಸ್ಕೊಂಡ್ಳು ಚಿನ್ನು ಕೈಯಿಂದ."

ಸವಿತ ಅವಳ ಒಬ್ಬಳೇ ಮಗಳು. ಬಂದು ನಾಲ್ಕು ದಿನವಾಗಿದ್ದು ನನಗೆ ಗೊತ್ತಿತ್ತು. ಆ ಹುರಿಹಿಟ್ಟು ಮಾಡಿದ್ದೂ ಅವಳ ಬಾಯಿರುಚಿಗೆಂದೇ. ಬೋಸಿ ತೊಳೆಯುವಾಗ ಅದೊಂದೂ ನೆನಪಾಗಲಿಲ್ಲ. ಕೇಡು ಬಗೆಯುವ ಮನಸ್ಸಿಗೆ ಒಬ್ಬರ ಮುಖ ಬಿಟ್ಟು ಇನ್ನೊಂದು ಮುಖ ಕಾಣುವುದಿಲ್ಲ. ನಾನು ಪುಟ್ಟನಂಜಮ್ಮನಿಗೆಂದು ಕಳಿಸಿದ್ದು ಆ ಹುಡುಗಿಯ ಕೈಗೆ ಹೋಗಿ ಸೇರಿತ್ತು, ಅದೂ ಏನೂ ಅರಿಯದ ಚಿನ್ನುವಿನ ಕೈಯಿಂದ.

ಅವಳ ಸೊಂಟದಿಂದ ಬೋಸಿ ಕಿತ್ತುಕೊಂಡು ಒಳಗೆ ಹೋಗಿ, ಕೈಗೆ ಸಿಕ್ಕಿದ್ದನ್ನೆಲ್ಲ ಹಾಕಿದೆ: ಬೆಲ್ಲ, ಕೊಬ್ಬರಿ, ಬಾಳೆಹಣ್ಣು, ಕುಂಕುಮದ ಪೊಟ್ಟಣ, ಮುಡಿಯಲು ಹೂವು. ಅವಳ ಹಿಂದೆಯೇ ಹೋಗಿ ಸವಿತಳ ಮಡಿಲಿಗೆ ನಾನೇ ಇಟ್ಟು, "ತಪ್ಪಾಯ್ತು ಕಣಮ್ಮ, ಬೇಕೂಂತಲೇ ಬರಿದು ಕಳಿಸಿದ್ದೆ" ಎಂದೆ. ಮರೆತೆ ಎನ್ನುವ ಸುಳ್ಳು ನಾಲಿಗೆಯ ತುದಿಯವರೆಗೆ ಬಂದಿತ್ತು. ಯಾಕೋ ಅಂದು ಅದನ್ನು ನುಂಗಿದೆ. ಸವಿತ ಬಾಳೆಹಣ್ಣು ಸುಲಿಯುತ್ತಾ, "ನಿಮಗೂ ಕೋಪ ಬರುತ್ತಾ ಕಮಲಮ್ಮ?" ಎಂದು ಬೆರಗಾದಳು.

"ಬರ್ಲಿ ಬುಡು, ಮನುಷ್ಯಳು ಅಂತ ಗೊತ್ತಾಯ್ತು" ಎಂದಳು ಅವಳ ತಾಯಿ. ಮೆಂತ್ಯ ಸುರಿದು ಡಬ್ಬಿ ತೊಳೆಯುತ್ತಾ, "ಹುರಿಹಿಟ್ಟು ಹೆಂಗಿತ್ತು? ನಿಜ ಹೇಳಿ" ಎಂದಳು.

"ಚೆನ್ನಾ…" ಎಂದು ಶುರುಮಾಡಿ ತಡೆದೆ. "ಒಂದಿಷ್ಟು ಸೀದಿತ್ತು."

"ನೋಡಿದ್ರಾ! ನಾನೂ ಅದೇ ಅಂದೆ, ಇವಳು ಒಪ್ಲಿಲ್ಲ!" ಎಂದು ಅವಳು ನಕ್ಕ ಸದ್ದು ಮೂರು ಗದ್ದೆ ದಾಟಿತು.

ಚಿನ್ನುವಿನ ಪ್ರಶ್ನೆಗೆ ಈಗ ಉತ್ತರ ಕೊಡಬಹುದೆನಿಸುತ್ತದೆ. ಒಳ್ಳೆಯವಳಾಗಿರುವುದೇ ಒಳ್ಳೆಯದು, ಅದರಲ್ಲಿ ನನಗೆ ಸಂಶಯವಿಲ್ಲ. ಕೇಡು ಮಾಡಿದ ಆ ಐದು ನಿಮಿಷದ ರುಚಿ ಇನ್ನೂ ನಾಲಿಗೆಯ ಮೇಲೆ ಕಹಿಯಾಗಿ ಕೂತಿದೆ. ಆದರೆ ನಾನು ಅಷ್ಟು ವರ್ಷ ಒಳ್ಳೆಯತನವೆಂದು ತಿಳಿದದ್ದರಲ್ಲಿ ಅರ್ಧ ಬರೀ ಹೆದರಿಕೆ. ಇರಲಿ ಬಿಡಿ ಎನ್ನುತ್ತಾ ಒಳಗೆ ಬಿಡದೆ ಇಟ್ಟುಕೊಂಡದ್ದೇ ಹುಳಿತು ಹುಳಿತು ಒಂದು ದಿನ ಬರಿದು ಬೋಸಿಯಾಗಿ ಹೊರಗೆ ಬಂತು. ಹೂರಣ ನೀರಾಗಿದೆ ಎಂದು ಮುಖಕ್ಕೇ ಹೇಳಿದ ಪುಟ್ಟನಂಜಮ್ಮನ ಮನಸ್ಸಿನಲ್ಲಿ ಮಾರನೆಯ ದಿನಕ್ಕೆ ಏನೂ ಉಳಿದಿರಲಿಲ್ಲ. ಚಿನ್ನುವಿಗೆ ಹೇಳಿದೆ: ಪೆನ್ಸಿಲ್ ಬೇಕೆಂದು ಕೇಳು, ನಗುತ್ತಲೇ ಕೇಳು, ಆದರೆ ಕೇಳು. ಕೇಳಿದಳಂತೆ. ಎರಡು ಪೆನ್ಸಿಲ್ ಮೊಂಡಾಗಿದ್ದವು, ಉಳಿದವು ಚೆನ್ನಾಗಿಯೇ ಬಂದವು.

ಸವಿತಳಿಗೆ ಹೆಣ್ಣುಮಗುವಾಗಿ, ಅದು ಈಗ ನಮ್ಮ ಗೇಟು ಹಿಡಿದು ನಿಲ್ಲುತ್ತದೆ. ಮೊನ್ನೆ ಯುಗಾದಿಗೆ ಮತ್ತೆ ಅದೇ ಡಬ್ಬಿಯಲ್ಲಿ ಒಬ್ಬಟ್ಟಿಟ್ಟು ಗೋಡೆಯ ಮೇಲಿಂದ ಕೊಡುತ್ತಾ ಹೇಳಿಯೇಬಿಟ್ಟೆ: "ಪುಟ್ಟನಂಜಮ್ಮ, ಈ ಡಬ್ಬಿ ನಮ್ಮ ಮನೆಯವರು ಕೊಡಿಸಿದ್ದು. ಶುಕ್ರವಾರದೊಳಗೆ ವಾಪಸ್ ಬೇಕು."

ಅವಳು ಮುಚ್ಚಳ ತೆಗೆದು, ಒಂದು ಒಬ್ಬಟ್ಟು ಮುರಿದು, ಹೂರಣವನ್ನು ಬೆರಳಲ್ಲಿ ಒತ್ತಿ ನೋಡಿದಳು.

"ಈ ಸಲ ಗಟ್ಟಿ ಐತೆ. ಗುರುವಾರವೇ ಕೊಡ್ತೀನಿ."

ಇವತ್ತು ಬುಧವಾರ. ಹಲಗೆ ಒರೆಸುವಾಗ ಆ ಖಾಲಿ ಜಾಗವನ್ನೂ ಒರೆಸಿ ಬಂದೆ.