ಶನಿಯ ಚಂದ್ರನನ್ನು ಒರೆಸಿದವನು

ಫೋಟೋ ಸ್ಟುಡಿಯೋದಲ್ಲಿ ಅವನಿಗೆ ‘ನುಣ್ಣಗೆ’ ಎಂದೇ ಹೆಸರು. ಎಂಥ ಮುಖ ಬಂದರೂ ಮೊಡವೆ, ಮಚ್ಚೆ, ಕಣ್ಣಡಿಯ ಕಪ್ಪು ಎಲ್ಲ ಒರೆಸಿ, ಮನುಷ್ಯನನ್ನು ಸುಲಿದ ಮೊಟ್ಟೆಯಂತೆ ಮಾಡಿ ಕೊಡುವುದು ಅವನ ಕೆಲಸ. ಅದನ್ನವನು ಕಲೆ ಎಂದುಕೊಂಡಿದ್ದ. ಮೂರು ವರ್ಷದಿಂದ ದಿನಗೂಲಿಯ ಮೇಲಿದ್ದ ಕಲಾವಿದ.

“ಈ ಮ್ಯೂಸಿಯಂ ಆರ್ಡರ್ ನೆಟ್ಟಗೆ ಮುಗಿಸು, ಕಾಯಂ ಮಾಡ್ತೀನಿ” ಎಂದಿದ್ದ ಮಾಲೀಕ. ಅವನ ಅಕ್ಕ ಅದನ್ನು ಬೀದಿಗೆಲ್ಲ ಸಾರಿಯೂ ಆಗಿತ್ತು.

ಆರ್ಡರ್ ಎಂದರೆ, ನೌಕೆಯೊಂದು ಶನಿಗ್ರಹದ ಬಳಿ ಹೋಗಿ ತೆಗೆದ ಉಂಗುರಗಳ ಚಿತ್ರ. ಹನ್ನೆರಡು ಅಡಿಗೆ ಹಿಗ್ಗಿಸಿ ಮುದ್ರಿಸಬೇಕು. ಉಂಗುರದ ಅಂಚಿಗೊಂದು ಬಿಳಿ ಚುಕ್ಕೆ ಕಂಡಿತು. ಅಷ್ಟು ದೂರ ಕ್ಯಾಮೆರಾ ಕಳಿಸುವ ಮಹಾನುಭಾವರಿಗೆ ಲೆನ್ಸ್ ಒರೆಸಲು ಒಂದು ಚಿಂದಿ ಬಟ್ಟೆ ಸಿಗಲಿಲ್ಲವೇ ಎಂದು ಮೂತಿ ಸೊಟ್ಟ ಮಾಡಿ ಅದನ್ನು ಅಳಿಸಿದ. ಕಂಪ್ಯೂಟರಿನಲ್ಲಿ ಜಾಗ ಉಳಿಸಲು ಮೂಲ ಫೈಲಿನ ಮೇಲೆಯೇ ಸೇವ್ ಮಾಡುವುದು ಅಂಗಡಿಯ ರೂಢಿ, ಹಾಗೇ ಮಾಡಿದ.

ಮ್ಯೂಸಿಯಂ ಮೇಡಂ ಬಂದು, ಮುದ್ರಿಸಿ ಗೋಡೆಗೆ ತೂಗುಹಾಕಿದ್ದ ಚಿತ್ರದ ಮುಂದೆ ನಿಂತರು.

“ಇಲ್ಲೊಂದು ಚಂದ್ರ ಇರ್ಬೇಕಿತ್ತಲ್ಲ?”

ಅವನಿಗೆ ಆ ಬಿಳಿ ಚುಕ್ಕೆ ನೆನಪಾಯಿತು. ಮಾಲೀಕ ಮಾತ್ರ ಕಣ್ಣು ಮಿಟುಕಿಸದೆ, “ನೀವು ಕಳಿಸಿದ್ದೇ ಹೀಗೆ ಮೇಡಂ” ಎಂದ.

“ಇರ್ಬಹುದು. ಇದೇ ನೋಟದ ನಾಲ್ಕಾರು ಚಿತ್ರ ಇದ್ವು. ಚಂದ್ರ ಇಲ್ಲದ್ದನ್ನ ನಾನೇ ಕಳಿಸಿದ್ನೇನೋ.” ಮೇಡಂ ಕನ್ನಡಕ ಏರಿಸಿ ಬಾಗಿ ನೋಡಿದರು. “ಯಾರಾದ್ರೂ ಅಳಿಸಿದ್ರೆ ಗುರುತು ಉಳೀತಿತ್ತು. ಇಂಥ ಅಂಗಡಿಗಳಲ್ಲಿ ಅಷ್ಟು ಚೊಕ್ಕಟವಾಗಿ ಮಾಡೋರು ಎಲ್ಲಿದ್ದಾರೆ ಬಿಡಿ.”

ಗಂಡಾಂತರ ತಪ್ಪಿತ್ತು. ಬಾಯಿ ಮುಚ್ಚಿಕೊಂಡು ನಿಂತಿದ್ದರೆ ಕೆಲಸ ಕಾಯಂ. ಆದರೆ ಆ ಕೊನೆಯ ಮಾತು ಮೆಣಸಿನ ಪುಡಿ ಬಿದ್ದಂತೆ ಉರಿಯಿತು. ಸತ್ಯವಂತನೇನಲ್ಲ ಅವನು, ಸಾವಿರಾರು ಮುಖಗಳ ಸತ್ಯ ತೆಗೆದೇ ಹೊಟ್ಟೆ ಹೊರೆದವನು.

“ಗುರುತು ಉಳಿಸೋ ಕೈಯಲ್ಲ ಮೇಡಂ ನಂದು” ಎಂದುಬಿಟ್ಟ. “ಅಳಿಸಿದ್ದು ನಾನೇ. ಕೊಳೆ ಅಂದ್ಕೊಂಡೆ.”

ಮಾಲೀಕ ಮುಖ ಸಿಂಡರಿಸಿ, “ಅದೇನು ಬಾಯೋ, ಬಚ್ಚಲೋ?” ಎಂದ.

“ಹೌದಾ? ಎಲ್ಲಿತ್ತು, ತೋರಿಸಿ ನೋಡೋಣ” ಎಂದರು ಮೇಡಂ.

ಬೆರಳು ಚಾಚಿ ಹನ್ನೆರಡು ಅಡಿಯನ್ನೂ ಎರಡು ಸಲ ಸುತ್ತಿ ಬಂದ. ಅವನಿಗೇ ಸಿಗಲಿಲ್ಲ. ಮುಖ ಮಾತ್ರ ಹಿಗ್ಗಿತು.

“ನೋಡಿದ್ರಾ ಮೇಡಂ?” ಎಂದ.

“ನಾಳೆಯಿಂದ ಬರ್ಬೇಡ” ಎಂದ ಮಾಲೀಕ.