ನ್ಯೂಜಿಲೆಂಡಿನಲ್ಲಿ ನಾನು ಹಾಕಿದ ಮೊದಲ ಓಟು

೧೯೮೧ರಲ್ಲಿ ಎಂಟನೇ ಇಯತ್ತೆಗೆ ಶಾಲೆ ಬಿಟ್ಟವನು ನಾನು. ಅದನ್ನು ಮುಚ್ಚಿಡುವುದಿಲ್ಲ. ಅಥಣಿ ಕಡೆಯ ದ್ರಾಕ್ಷಿ ತೋಟಗಳಲ್ಲಿ ಚಾಟಣಿ ಮಾಡಿ, ಅಂದರೆ ಬಳ್ಳಿ ಕತ್ತರಿಸಿ ಸವರಿ, ಪಳಗಿದ ಕೈ ಇದು. ದನದ ಡಾಕ್ಟರಾಗಿ ನ್ಯೂಜಿಲೆಂಡಿನಲ್ಲಿ ನೆಲೆಸಿದ್ದ ಅಕ್ಕನ ಗಂಡ ಕಾಗದಪತ್ರ ಮಾಡಿಸಿದರು. ೧೯೯೩ರ ಜುಲೈನಲ್ಲಿ ಹೆಂಡತಿ ಶಾಂತಾಳೊಡನೆ ನಮ್ಮೂರು ಸತ್ತಿಯಿಂದ ಬಂದಿಳಿದೆ. ಎದುರಿಗೆ ಗುಡ್ಡದ ತುಂಬ ಬಳ್ಳಿ, ಒಂದರಲ್ಲೂ ಎಲೆಯಿಲ್ಲ.

“ಎಲ್ಲಾ ಸತ್ತಾವಲ್ರಿ! ಇವಕ್ಕ ಬೆಂಕಿ ಹಚ್ಚತಾರೇನು?” ಎಂದಳು ಶಾಂತಾ.

ಜುಲೈ ಎಂದರೆ ಇಲ್ಲಿ ಚಳಿಗಾಲ; ಎಲೆ ಉದುರಿದ ಅದೇ ಹೊತ್ತು ಇಲ್ಲಿನ ಚಾಟಣಿಯ ಕಾಲವಂತೆ.

ಅದಕ್ಕಿಂತ ದೊಡ್ಡ ಬೆರಗು ಆ ವರ್ಷದ ಚುನಾವಣೆ. ಆಗ ಇಲ್ಲಿಯೂ ನಮ್ಮಂತೆಯೇ ಇತ್ತು: ಕ್ಷೇತ್ರದಲ್ಲಿ ಹೆಚ್ಚು ಓಟು ಬಿದ್ದವನು ಗೆದ್ದ, ಉಳಿದವರ ಓಟಿಗೆ ಬೆಲೆಯಿಲ್ಲ. ಈ ಪದ್ಧತಿಯೇ ಬೇಕೋ, ಬದಲಿಸಬೇಕೋ ಎಂದು ಜನರನ್ನೇ ಓಟು ಹಾಕಿಸಿ ಕೇಳಿದರು. ಕೇಳಿದವರು ಹಳೇ ಪದ್ಧತಿಯಿಂದಲೇ ಗೆದ್ದು ಕುಳಿತವರು! ಜನ ಬದಲಿಸಿ ಎಂದರು, ಬದಲಾಯಿತು.

ಸತ್ತಿಯಲ್ಲಿ ಓಟಿನ ಹಿಂದಿನ ಸಂಜೆ ನಮ್ಮ ಓಣಿಯ ಕುರಿಗಾರ ಮನೆಯವರೆಲ್ಲ ಬೀರಪ್ಪನ ಗುಡಿಯಲ್ಲಿ ಸೇರಿ, ದೇವರ ಅರಿಶಿನ ಭಂಡಾರ ಹಿಡಿದು ಇಂಥವರಿಗೇ ಎಂದು ಮಾತು ಕೊಡುತ್ತಿದ್ದೆವು. ನಾವು ಹಾಕಿದವನು ಪ್ರತಿ ಸಲವೂ ಸೋಲುತ್ತಿದ್ದ. ಗೆದ್ದವನ ಓಟಿಗಿಂತ ಸೋತವರೆಲ್ಲರ ಓಟು ಕೂಡಿಸಿದರೆ ಹೆಚ್ಚು. “ನಮ್ಮ ಓಟು ಈ ಸಲಾನೂ ಹೊಳಿಗಿ ಹೋತು,” ಎನ್ನುತ್ತಿದ್ದ ಅಪ್ಪ. ಒಮ್ಮೆಯಾದರೂ ನನ್ನ ಓಟು ಲೆಕ್ಕಕ್ಕೆ ಬರಬೇಕೆಂಬುದು ನನ್ನ ಹಟ.

೧೯೯೬ರಲ್ಲಿ, ಊರ ಕಡೆ ಬೇಸಿಗೆಯಿದ್ದಾಗ, ಅಲ್ಲಿಂದ ಅಣ್ಣನ ಫೋನು ಬಂತು. “ತಮ್ಮಾ, ಓಟಿನ ಪಟ್ಟಿಯೊಳಗ ನಿನ್ನ ಹೆಸರ ಹೊಡದಾರಲೇ. ಊರಾಗ ಇರೂದಿಲ್ಲ ಅಂತ ಬರಕೊಂಡು ಹೋಗ್ಯಾರ.”

“ಪಾಸ್‌ಪೋರ್ಟ್ ಭಾರತದ್ದ ಐತಲ್ಲೋ ಅಣ್ಣಾ?”

“ನಾನೂ ಅದನ್ನ ಅಂದ್ನೆಪಾ. ಪಾಸ್‌ಪೋರ್ಟ್ ಬಂದ ಓಟ್ ಹಾಕತೈತೇನು ಅಂದ್ರು.”

ಅದೇ ತಿಂಗಳು ಇಲ್ಲಿಯ ಸರಕಾರದ ಕಾಗದ ಬಂತು: ಕಾಯಂ ವಾಸಕ್ಕೆ ಪರವಾನಗಿ ಇದ್ದು ವರ್ಷ ಕಳೆದವರು ಪೌರರಲ್ಲದಿದ್ದರೂ ಓಟು ಹಾಕಬಹುದು, ಪಟ್ಟಿಗೆ ಹೆಸರು ಹಚ್ಚಲೇಬೇಕು. ಇಲ್ಲಿ ಹಚ್ಚಿದರೆ ಸತ್ತಿ ನನ್ನನ್ನು ಪೂರಾ ಬಿಟ್ಟೇಬಿಡುತ್ತದೆಂದು ಹೆದರಿ ಕಾಗದ ಮಡಚಿಟ್ಟೆ.

“ಅಲ್ಲಿ ಹೊಡದಾರ, ಇಲ್ಲಿ ಕರ್ಯಾಕತ್ತಾರ. ಕರದವ್ರ ಮನಿಗಿ ಹೋಗಾಕ ಎಂಥಾ ನಾಚಿಕಿರಿ ನಿಮಗ?” ಎಂದು ಶಾಂತಾ ತನ್ನ ಫಾರ್ಮು ತಾನೇ ಮೊದಲು ತುಂಬಿದಳು. ಆಮೇಲೆ ನಾನೂ ಸಹಿ ಹಾಕಿದೆ.

ಕೆಲಸದ ನಡುವಿನ ಚಹಾ ವಿರಾಮಕ್ಕೆ ಇಲ್ಲಿ ‘ಸ್ಮೋಕೋ’ ಎನ್ನುತ್ತಾರೆ. ಒಂದು ದಿನ ಸ್ಮೋಕೋದಲ್ಲಿ, ನಾನು ದುಡಿಯುತ್ತಿದ್ದ ದ್ರಾಕ್ಷಿ ತೋಟದ ಮಾಲೀಕ ಬ್ರಾಯನ್ನನ ಮುಂದೆ ನಿಂತು, ಎಲ್ಲರೂ ಒಬ್ಬರಿಗೇ ಹಾಕುವ ನಮ್ಮೂರ ರೂಢಿಯಂತೆ ಎಲ್ಲ ಆಳುಗಳ ಪರವಾಗಿ ಕೇಳಿದೆ: “ಯಾರಿಗೆ ಹಾಕೋಣ, ಸಾಹೇಬರೇ?” ಅವನ ಮುಖ ಕೆಂಪಾಯಿತು.

“ನಲವತ್ತು ವರ್ಷದಲ್ಲಿ ನನ್ನ ಹೆಂಡತಿಯನ್ನೇ ಅದನ್ನು ಕೇಳಿಲ್ಲ. ನಿನಗೆ ಹೇಗೆ ಹೇಳಲಿ?” ಎಂದ.

ಅಕ್ಟೋಬರಿನಲ್ಲಿ ಓಟು. ನಮ್ಮಲ್ಲಿಯಂತೆ ಒತ್ತುವ ಶಿಕ್ಕಾ ಇಲ್ಲ, ಪೆನ್ನಿನಿಂದ ಎರಡು ಗುರುತು: ಒಂದು ಪಕ್ಷಕ್ಕೆ, ಒಂದು ಕ್ಷೇತ್ರದ ಉಮೇದುವಾರನಿಗೆ. ಉಮೇದುವಾರ ಸೋತರೂ ಪಕ್ಷದ ಓಟು ಉಳಿಯುತ್ತದೆ. ನೂರಕ್ಕೆ ಐದು ಓಟು ಬಿದ್ದರೆ, ಇಲ್ಲವೇ ಒಂದು ಕ್ಷೇತ್ರ ಗೆದ್ದರೆ, ಆ ಪಕ್ಷಕ್ಕೆ ಬಿದ್ದ ಓಟಿಗೆ ತಕ್ಕಷ್ಟು ಸೀಟು. ಮುಗಿಸಿ ಎಡಗೈಯ ತೋರುಬೆರಳು ಚಾಚಿ ನಿಂತೆ. ಅಧಿಕಾರಿಣಿ ಗಾಯವಾಗಿದೆಯೆಂದು ತಿಳಿದು ಔಷಧದ ಪಟ್ಟಿ ತಂದರು. ಇಲ್ಲಿ ಬೆರಳಿಗೆ ಶಾಯಿ ಹಚ್ಚುವುದಿಲ್ಲ! ಶಾಂತಾ ನಕ್ಕು ನಕ್ಕು ಗೋಡೆ ಹಿಡಿದಳು.

ನನ್ನ ಉಮೇದುವಾರ ಸೋತ. ಆದರೆ ನಾನು ಗುರುತು ಹಾಕಿದ ಸಣ್ಣ ಪಕ್ಷ ತನ್ನ ಪಾಲಿನ ಸೀಟು ಪಡೆದು ಒಳಗೆ ಹೋಯಿತು. ಪೇಪರಿನಲ್ಲಿ ಆ ಸಾಲಿನ ಮೇಲೆ ಬೆರಳಿಟ್ಟು ಶಾಂತಾಳಿಗೆ ಓದಿ ಹೇಳಿದೆ.

ಈ ಪದ್ಧತಿಗೆ ಕುಂದಿಲ್ಲವೆಂದಲ್ಲ. ಸರಕಾರ ಕಟ್ಟಲು ಎರಡು ತಿಂಗಳು ಚೌಕಾಶಿ ನಡೆಯಿತು, ಬ್ರಾಯನ್ ದಿನವೂ ಗೊಣಗಿದ. ಆದರೂ ಕೇಳುತ್ತೇನೆ: ನಮ್ಮ ಜನರನ್ನೂ ಒಮ್ಮೆ ಹೀಗೆ ಕೇಳಬಾರದೇಕೆ? ನಮ್ಮ ಓಣಿಯಂಥ ಎಷ್ಟು ಓಣಿಗಳಿವೆ!

ಅಣ್ಣನಿಗೆ ಫೋನು ಮಾಡಿದೆ.

“ನಿಂದು ಗೆದ್ದೈತೇನಲೇ?”

“ಅರ್ಧಾ ಸೋತು ಅರ್ಧಾ ಗೆದ್ದೈತಿ, ಅಣ್ಣಾ.”

“ಹಂಗೂ ಆಕ್ಕೈತೇನು!” ಎಂದ. ಆಮೇಲೆ ಮೆಲ್ಲಗೆ, “ಇಲ್ಲಿ ಮತ್ತ ಯಾವಾಗ ಬರತಿ?” ಎಂದ.

ಈಗ ನನ್ನದೆಂದು ಇರುವುದು ಇಷ್ಟು: ಬಾಡಿಗೆ ಮನೆ ಒಂದು, ಚಾಟಣಿ ಕತ್ತರಿ ಮೂರು, ನ್ಯೂಜಿಲೆಂಡಿನಲ್ಲಿ ಓಟು ಎರಡು, ಸತ್ತಿಯಲ್ಲಿ ಒಂದೂ ಇಲ್ಲ.